ಸೀತಾಳೆ ದಂಡೆಯ ಚರಿತ್ರೆ

ಕೃತ್ತಿಕೆಯ ಮಳೆ ನಾಲ್ಕು ಹನಿ ಉದುರಿ, ಜನರೆಲ್ಲ ರೋಹಿಣಿ ಮಳೆಯ ದಾರಿ ನೋಡುತ್ತಿರುವ ದಿನಗಳಲ್ಲಿ ಶಿಕಾರಿಪುರದಿಂದ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋಗುವ ಬಸ್ಸಿನಲ್ಲಿ ಕುಳಿತವರು ಒಂದು ಸಂಗತಿಯನ್ನು ಗಮನಿಸಿರಬಹುದು. ಶಿಕಾರಿಪುರದಲ್ಲಿ ಬಸ್ಸು ಹತ್ತುವ ಹೆಂಗಸರ ಮುಡಿಯಲ್ಲಿ ಮಲ್ಲಿಗೆಯೋ ಕನಕಾಂಬರವೋ ಇರುತ್ತದೆ. ಹೂವಾಡಿಗರು ಕಟ್ಟಿ ಮೊಳದ ಲೆಕ್ಕದಲ್ಲಿ ಮಾರಿದ ಹೂವು ಅದು. ಸೊರಬದ ಸೀಮೆ ಬಂದಂತೆ ಯಾವುದೋ ಹಳ್ಳಿಯ ಕೈಮರದ ಹತ್ತಿರ ಹತ್ತಿದ ಹುಡುಗಿಯ ಜಡೆಯಲ್ಲಿ ಬೇರೊಂದು ಬಗೆಯ ಹೂವು ಇಳಿಬಿದ್ದಿರುತ್ತದೆ. ಬಿಳುಪಿನ ಮೇಲೆ ನಸುನೇರಳೆಯ ಚುಕ್ಕೆ ಇಟ್ಟಂಥ ನೂರಾರು ಪುಟ್ಟ ಹೂಗಳು ಒಂದೇ ಎಳೆಗೆ ಒತ್ತೊತ್ತಾಗಿ ಪೋಣಿಸಿದ ಹಾಗೆ ಕಾಣುತ್ತವೆ. ಅದನ್ನು ಯಾರೂ ಕಟ್ಟಿಲ್ಲ, ಯಾರೂ ಮಾರಿಲ್ಲ. ಮರದ ಮೇಲೆ ತಾನಾಗಿಯೇ ದಂಡೆಯಾಗಿ ಹುಟ್ಟಿದ ಹೂವು. ಅದೇ ಸೀತಾಳೆ ದಂಡೆ.

ಮೂವತ್ತು ವರ್ಷಗಳ ಹಿಂದೆ ಈ ದಾರಿಯಲ್ಲಿ ಇಂತಹ ಜಡೆಗಳನ್ನು ಹತ್ತಾರು ಎಣಿಸಬಹುದಾಗಿತ್ತು. ಈಗ ಒಂದೆರಡು ಕಂಡರೆ ಅದೇ ಹೆಚ್ಚು. ಜಡೆಗೆ ಹೂ ಮುಡಿಯುವ ವಾಡಿಕೆ ಕಡಿಮೆಯಾದುದು ಇದಕ್ಕೆ ಒಂದು ಕಾರಣವಿರಬಹುದು. ಆದರೆ ಹೂವೇ ವಿರಳವಾಯಿತೆಂಬುದು ಅದಕ್ಕಿಂತ ದೊಡ್ಡ ಕಾರಣ. ಅದು ಏಕೆ ವಿರಳವಾಯಿತೆಂದು ಹುಡುಕುತ್ತ ಹೋದರೆ ನಮ್ಮ ಎರಡು ತಾಲೂಕುಗಳ ಚರಿತ್ರೆಯ ಒಂದು ಪುಟವೇ ತೆರೆದುಕೊಳ್ಳುತ್ತದೆ. ನಾನು ಕನ್ನಡ ಪಾಠ ಹೇಳುವವನು, ಸಸ್ಯಶಾಸ್ತ್ರವನ್ನು ಓದಿದವನಲ್ಲ. ನಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರು ತಮ್ಮ ಬೂದುಗಾಜನ್ನೂ ಪುಸ್ತಕಗಳನ್ನೂ ಕೊಟ್ಟು ಉಪಕರಿಸಿದ್ದರಿಂದ ಈ ನಾಲ್ಕು ಮಾತುಗಳನ್ನು ಬರೆಯುವ ಧೈರ್ಯ ಬಂದಿದೆ.

ಮೊದಲು ಹೆಸರನ್ನೇ ನೋಡೋಣ. ದಂಡೆ ಎಂದರೆ ಹೊಳೆಯ ದಡವೆಂದು ಎಲ್ಲರಿಗೂ ಗೊತ್ತು. ಮುಡಿಗೆ ಮುಡಿಯುವ ಹೂಮಾಲೆಯೆಂಬ ಅರ್ಥವೂ ಆ ಮಾತಿಗೆ ಹಿಂದಿನಿಂದಲೇ ಇದೆ. ಸೀತಾದೇವಿ ವನವಾಸದಲ್ಲಿ ಮುಡಿದ ದಂಡೆ ಇದು ಎಂಬುದು ಮಲೆನಾಡಿನ ಹೆಂಗಸರ ನಂಬಿಕೆ. ಮರಾಠಿಯವರೂ ಇಂಥ ಹೂಗಳನ್ನು ಸೀತೆಯ ವೇಣಿ ಎಂದು ಕರೆಯುವುದುಂಟು. ದೂರದ ಅಸ್ಸಾಮಿನಲ್ಲಿ ಇದೇ ಹೂವಿಗೆ ಕೊಪೌ ಎಂದು ಹೆಸರು. ಬಿಹು ಹಬ್ಬದಲ್ಲಿ ಕುಣಿಯುವ ಹೆಣ್ಣುಮಕ್ಕಳ ತುರುಬಿಗೆ ಅದೇ ಶೃಂಗಾರ. ಆ ರಾಜ್ಯ ಅದನ್ನು ತನ್ನ ನಾಡಹೂವೆಂದು ಗೌರವಿಸಿದೆ. ನಮ್ಮ ಜನ ಸೀತಾಳೆ ಎಂಬ ಹೆಸರನ್ನು ಒಂದೇ ಗಿಡಕ್ಕೆ ಮೀಸಲಿಟ್ಟವರಲ್ಲ. ಮರದ ಮೇಲೆ ಬೆಳೆದು ಗೊಂಚಲು ಬಿಡುವ ಆ ಜಾತಿಯ ಹಲವು ಗಿಡಗಳಿಗೆ ಹಾಗೆನ್ನುತ್ತಾರೆ. ಅವುಗಳ ನಡುವೆ ನರಿಯ ಬಾಲದಂತೆ ದುಂಡಗೆ ತುಂಬಿ ಜೋಲುವ ಈ ದಂಡೆಯ ಗುರುತು ಹಿಡಿಯುವುದು ಕಷ್ಟವಲ್ಲ.

ಮಣ್ಣನ್ನು ಮುಟ್ಟದೆ ಬದುಕುವುದು ಈ ಗಿಡದ ವಿಶೇಷ. ಹಲಸು, ಮಾವು, ಮತ್ತಿ, ಕವಲು ಮೊದಲಾದ ಮರಗಳ ಕೊಂಬೆಗಳಿಗೆ ಹುರಿಯಂಥ ದಪ್ಪ ಬೇರುಗಳಿಂದ ಅಪ್ಪಿಕೊಂಡಿರುತ್ತದೆ. ಎಲೆಗಳು ಪಟ್ಟಿಯಂತೆ ಉದ್ದ, ದೋಣಿಯಂತೆ ನಡುವೆ ಮಡಿದು ದಪ್ಪವಾಗಿರುತ್ತವೆ. ಎಲೆಯ ತುದಿಯನ್ನು ನೋಡಿದರೆ ಯಾರೋ ಕಚ್ಚಿ ಬಿಟ್ಟಂತೆ ಸೀಳಿಕೊಂಡು, ಒಂದು ಹೋಳು ಉದ್ದ, ಇನ್ನೊಂದು ಗಿಡ್ಡ. ಎಲೆಗಳ ಕಂಕುಳಿಂದ ಹೊರಟ ಹೂಗೊಂಚಲು ಕೆಳಮುಖವಾಗಿ ಬಾಗಿ ಒಂದು ಮೊಳದವರೆಗೂ ಇಳಿಯುತ್ತದೆ. ಬೂದುಗಾಜಿನ ಕೆಳಗೆ ಒಂದು ಹೂವನ್ನಿಟ್ಟರೆ ಹೊರಸುತ್ತಿನಲ್ಲಿ ಮೂರು ದಳ, ಒಳಸುತ್ತಿನಲ್ಲಿ ಮೂರು ದಳ ಕಾಣುತ್ತವೆ. ಒಳಗಿನ ಮೂರರಲ್ಲಿ ಒಂದು ತುಟಿಯ ಆಕಾರ ತಾಳಿ ಹೆಚ್ಚು ಬಣ್ಣ ಪಡೆದಿರುತ್ತದೆ; ಅದರ ಬುಡದಲ್ಲಿ ಒಂದು ಪುಟ್ಟ ಚೀಲ. ಬೇರೆ ಹೂಗಳಲ್ಲಿರುವಂತೆ ಪರಾಗವು ಪುಡಿಯಾಗಿರದೆ ಎರಡು ಉಂಡೆಗಳಾಗಿ ಕೂಡಿಕೊಂಡಿರುತ್ತದೆ. ಹೂವಿಗೆ ಬಂದ ಕೀಟಕ್ಕೆ ಆ ಉಂಡೆಗಳು ಅಂಟಿಕೊಂಡು ಇನ್ನೊಂದು ಹೂವನ್ನು ಸೇರಬೇಕು. ದಂಡೆಯಲ್ಲಿ ನೂರು ಹೂವಿದ್ದರೂ ಕಾಯಿ ಕಚ್ಚುವುದು ಬಹಳ ಸ್ವಲ್ಪ.

ಮರದ ಮೇಲಿರುವುದೆಲ್ಲ ಮರವನ್ನು ಹೀರುವ ಬಂದಳಿಕೆಯೆಂದು ತಿಳಿಯುವವರಿದ್ದಾರೆ. ಶಿಕಾರಿಪುರ ತಾಲೂಕಿನಲ್ಲಿ ಬಂದಳಿಕೆಯೆಂಬ ಪ್ರಸಿದ್ಧ ಊರೇ ಇದೆ, ಸುಂದರವಾದ ಹಳೆಯ ಗುಡಿಗಳ ಊರು. ಅದರ ಮಾತು ಬೇರೆ. ಬಂದಳಿಕೆ ಗಿಡ ಆಸರೆಯ ಮರದೊಳಕ್ಕೆ ಬೇರಿಳಿಸಿ ಅದರ ರಸವನ್ನು ಕದಿಯುತ್ತದೆ. ಸೀತಾಳೆ ಹಾಗಲ್ಲ. ಅದು ಮರವನ್ನು ಕೇಳುವುದು ನಿಲ್ಲಲು ಜಾಗವನ್ನು ಮಾತ್ರ. ಬೇರುಗಳ ಸುತ್ತ ಅರಳೆಯಂಥ ಬಿಳಿಯ ಪದರವೊಂದಿದ್ದು, ಮಳೆ ಮಂಜುಗಳ ತೇವವನ್ನು ಅದೇ ಹಿಡಿದಿಟ್ಟುಕೊಳ್ಳುತ್ತದೆ. ತೊಗಟೆಯ ಸಂದಿನಲ್ಲಿ ಕೂಡಿದ ಧೂಳು, ಕೊಳೆತ ಎಲೆ, ಪಾಚಿ ಇಷ್ಟರಲ್ಲೇ ಅದರ ಊಟ. ಬೇಸಗೆಯ ನಾಲ್ಕು ತಿಂಗಳು ದಪ್ಪ ಎಲೆಯಲ್ಲಿ ಕೂಡಿಟ್ಟ ನೀರಿನ ಮೇಲೆ ಕಾಲ ಹಾಕುತ್ತದೆ.

ಇದರ ಬೀಜದ ಕಥೆ ಇನ್ನೂ ಸೋಜಿಗದ್ದು. ಕಾಯಿ ಒಡೆದಾಗ ಹಾರುವ ಬೀಜ ಧೂಳಿನಷ್ಟು ಸಣ್ಣದು. ಕಡಲೆಗೋ ಭತ್ತಕ್ಕೋ ತಾಯಿ ಕಟ್ಟಿಕೊಟ್ಟ ಬುತ್ತಿಯಿರುತ್ತದೆ. ಮೊಳೆತ ಮೊದಲ ದಿನಗಳಲ್ಲಿ ಸಸಿ ಅದನ್ನುಂಡು ಬೆಳೆಯುತ್ತದೆ. ಸೀತಾಳೆಯ ಬೀಜಕ್ಕೆ ಆ ಬುತ್ತಿಯಿಲ್ಲ. ತೊಗಟೆಯಲ್ಲಿ ವಾಸಿಸುವ ಒಂದು ಬಗೆಯ ಶಿಲೀಂಧ್ರ, ಎಂದರೆ ಬೂಷ್ಟಿನ ಜಾತಿಯದು, ಬಂದು ಉಣಿಸಿದರೆ ಮಾತ್ರ ಮೊಳೆಯುತ್ತದೆ. ಈ ಕುಲದ ಗಿಡಗಳ ಈ ಗುಟ್ಟನ್ನು ಫ್ರಾನ್ಸಿನ ನೊಯೆಲ್ ಬರ್ನಾರ್ಡ್ ಎಂಬ ವಿಜ್ಞಾನಿ ಕಂಡುಕೊಂಡದ್ದು ೧೮೯೯ರಲ್ಲಿ. ಆದುದರಿಂದ ಈ ಬೀಜಕ್ಕೆ ಎಂಥ ಮರವಾದರೂ ಸಾಲದು. ತೊಗಟೆ ಒರಟಾಗಿ, ಬಿರುಕು ಬಿಟ್ಟು, ಪಾಚಿ ಕಟ್ಟಿ, ಆ ಶಿಲೀಂಧ್ರ ನೆಲೆಸುವಷ್ಟು ವಯಸ್ಸಾದ ಮರ ಬೇಕು. ಮೊಳೆತ ಮೇಲೂ ಮೊದಲ ದಂಡೆ ಬಿಡುವುದಕ್ಕೆ ಹಲವು ವರ್ಷಗಳು ಹಿಡಿಯುತ್ತವೆ.

ಇಂಥ ಮರಗಳು ಎಲ್ಲಿವೆ? ಶಿಕಾರಿಪುರ ಬಯಲುಸೀಮೆಗೂ ಮಲೆನಾಡಿಗೂ ನಡುವಣ ಹೊಸ್ತಿಲು. ಕುಮುದ್ವತಿಯ ಬಯಲಿನಲ್ಲಿ ಕೆರೆ, ಗದ್ದೆ. ಅದರಾಚೆ ಬೇಸಗೆಯಲ್ಲಿ ಎಲೆಯುದುರಿಸುವ ತೇಗ, ಮತ್ತಿ, ದಿಂಡಲ ಮರಗಳ ಕಾಡು. ಪಡುವಲಿಗೆ ಹೋದಂತೆ ಮಳೆ ಹೆಚ್ಚುತ್ತದೆ. ದಂಡಾವತಿ, ವರದಾ ಹೊಳೆಗಳ ಸೊರಬವನ್ನು ಮುಟ್ಟುವ ಹೊತ್ತಿಗೆ ಗದ್ದೆಬಯಲುಗಳ ನಡುವೆ ಅಲ್ಲಲ್ಲಿ ದಟ್ಟ ಹಸುರಿನ ಗುಂಪುಗಳು ನೀರಿನ ನಡುವಿನ ನಡುಗಡ್ಡೆಗಳಂತೆ ಎದ್ದು ನಿಲ್ಲುತ್ತವೆ. ಇವುಗಳಿಗೆ ಕಾನು ಎಂದು ಹೆಸರು. ಕಾಡಿಗೂ ಕಾನಿಗೂ ನಮ್ಮ ರೈತರು ಸ್ಪಷ್ಟವಾದ ವ್ಯತ್ಯಾಸ ಮಾಡುತ್ತಾರೆ. ಕಾಡು ಬೇಸಗೆಯಲ್ಲಿ ಬೋಳಾಗುತ್ತದೆ. ಕಾನು ವರ್ಷವೆಲ್ಲ ಹಸುರು. ಅದರೊಳಗೆ ಹೆಬ್ಬಲಸು, ಬೈನೆ, ರಾಮಪತ್ರೆ, ಮೆಣಸಿನ ಬಳ್ಳಿ, ಒಂದು ನೀರಿನ ಒರತೆ. ಜೊತೆಗೆ ಚೌಡಮ್ಮನೋ ಭೂತಪ್ಪನೋ ಹುಲಿಯಪ್ಪನೋ ನಾಗನೋ ಒಬ್ಬ ದೇವರು.

ಸೀತಾಳೆ ದಂಡೆ ಕಾನಿನ ಕತ್ತಲೆಯ ಒಡಲಿಗಿಂತ ಅದರ ಅಂಚನ್ನು ಹೆಚ್ಚು ಮೆಚ್ಚುತ್ತದೆ. ಅರೆಬಿಸಿಲು, ಆಡುವ ಗಾಳಿ, ಒಳಗಿನಿಂದ ಬೀಸುವ ತಂಪು, ಇವು ಮೂರೂ ಕೂಡುವುದು ಅಲ್ಲಿ. ಗುಡಿಯ ಮುಂದಿನ ಹಳೆಯ ಮಾವು, ಹಳ್ಳದ ದಂಡೆಯ ಮತ್ತಿ, ದಾರಿಬದಿಯ ಹಲಸು ಇವೇ ಅದಕ್ಕೆ ಇಷ್ಟವಾದ ಮನೆಗಳು. ಎಂದರೆ ಕಾಡಹೂವೆಂದು ನಾವು ಕರೆಯುವ ಇದು ನಿಜವಾಗಿ ಊರಂಚಿನ ಹೂವು. ಮನುಷ್ಯರು ಉಳಿಸಿದ ಮರದ ಮೇಲೆ, ಮನುಷ್ಯರ ಕೈಗೆಟುಕುವ ಎಡೆಯಲ್ಲಿ ಅದರ ಬಾಳು ನಡೆದುಕೊಂಡು ಬಂದಿದೆ. ಆದ್ದರಿಂದಲೇ ಅದರ ಚರಿತ್ರೆಯನ್ನು ನಮ್ಮ ಚರಿತ್ರೆಯಿಂದ ಬೇರೆ ಮಾಡಲಾಗುವುದಿಲ್ಲ.

ಮರವನ್ನು ಮನೆಯವರಂತೆ ಕಾಣುವ ರೂಢಿ ಈ ನೆಲದಲ್ಲಿ ಎಷ್ಟು ಹಳೆಯದೆಂಬುದಕ್ಕೆ ಕಲ್ಲಿನ ಸಾಕ್ಷಿಯೇ ಇದೆ. ಶಿರಾಳಕೊಪ್ಪದ ಹತ್ತಿರ ತಾಳಗುಂದದಲ್ಲಿ ಪ್ರಣವೇಶ್ವರ ದೇವಾಲಯದ ಮುಂದೆ ನಿಂತಿರುವ ಐದನೆಯ ಶತಮಾನದ ಕಂಬವನ್ನು ನಮ್ಮ ವಿದ್ಯಾರ್ಥಿಗಳೆಲ್ಲ ಪ್ರವಾಸದಲ್ಲಿ ನೋಡಿರುತ್ತಾರೆ. ಕುಬ್ಜನೆಂಬ ಕವಿ ರಚಿಸಿದ ಆ ಸಂಸ್ಕೃತ ಶಾಸನ ಕದಂಬರ ಹೆಸರಿನ ಮೂಲವನ್ನು ಹೇಳುತ್ತದೆ. ಆ ಮನೆತನದ ಹಿರಿಯರ ಮನೆಯ ಬಳಿ ಒಂದು ಕದಂಬ ವೃಕ್ಷವಿತ್ತು. ಅವರು ಅದನ್ನು ಆದರದಿಂದ ಪೋಷಿಸಿದರು. ಆದ್ದರಿಂದ ಅದರ ಹೆಸರೇ ಅವರ ಹೆಸರಾಯಿತು. ಕನ್ನಡ ನಾಡಿನ ಮೊದಲ ಅರಸು ಮನೆತನವೊಂದು ತನ್ನ ಹೆಸರನ್ನು ಬಾಗಿಲ ಮುಂದಿನ ಮರದಿಂದ ಪಡೆಯಿತೆಂಬುದು ಶಿಕಾರಿಪುರ ತಾಲೂಕಿನ ಮಕ್ಕಳಿಗೆ ಹೆಮ್ಮೆಯ ವಿಷಯವಾಗಬೇಕು. ಸೊರಬದವರೂ ಹಿಂದೆ ಬಿದ್ದವರಲ್ಲ. ತಮ್ಮ ಊರಿನ ಹಳೆಯ ಹೆಸರು ಸುರಭಿಪುರವೆಂದು ಅವರು ಹೇಳುತ್ತಾರೆ. ಕಾಮಧೇನುವಿನ ಕಥೆ ಅದಕ್ಕಿದೆ. ಸುರಭಿಯೆಂದರೆ ಕಂಪು ಎಂದೂ ಅರ್ಥವಿದೆ.

ಹೂವಿಗೆ ಪುಸ್ತಕದಲ್ಲಿ ಎಡೆ ದೊರೆತದ್ದು ನಮ್ಮ ಪಶ್ಚಿಮ ಕರಾವಳಿಯಿಂದಲೇ. ಹದಿನೇಳನೆಯ ಶತಮಾನದಲ್ಲಿ ಕೊಚ್ಚಿಯಲ್ಲಿ ಡಚ್ಚರ ಅಧಿಕಾರಿಯಾಗಿದ್ದ ವಾನ್ ರೀಡ್ ಎಂಬಾತ ಮಲೆಯಾಳದ ಗಿಡಮೂಲಿಕೆಗಳನ್ನೆಲ್ಲ ಚಿತ್ರಸಮೇತ ಬರೆಯಿಸಿದ. ಇಟ್ಟಿ ಅಚ್ಯುತನ್ ಎಂಬ ನಾಟಿ ವೈದ್ಯನೂ, ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಎಂಬ ಮೂವರು ಕೊಂಕಣಿ ವೈದ್ಯರೂ ಅವನಿಗೆ ನೆರವಾದರು. ೧೬೭೮ರಿಂದ ೧೬೯೩ರವರೆಗೆ ಆಮ್ಸ್ಟರ್‌ಡಾಮಿನಲ್ಲಿ ಹನ್ನೆರಡು ಸಂಪುಟಗಳಲ್ಲಿ ಅಚ್ಚಾದ ಆ ಗ್ರಂಥದ ಕೊನೆಯ ಸಂಪುಟದಲ್ಲಿ ಈ ಹೂವಿನ ಚಿತ್ರವಿದೆ. ಅಲ್ಲಿ ಅದರ ಹೆಸರು ಆಂಜಿಲಿ ಮರವಾಳೆ. ಆಂಜಿಲಿ ಎಂದರೆ ನಮ್ಮ ಹೆಬ್ಬಲಸು. ಆಸರೆಯ ಮರವನ್ನು ಹೆಸರಿನೊಳಗೇ ಸೇರಿಸಿದ ಆ ಜನರ ತಿಳಿವಳಿಕೆಗೆ ತಲೆದೂಗಬೇಕು.

ಆ ಚಿತ್ರವನ್ನು ಆಧಾರವಾಗಿಟ್ಟುಕೊಂಡು ಸ್ವೀಡನ್ನಿನ ಲಿನೇಯಸ್ ೧೭೫೩ರಲ್ಲಿ ಇದಕ್ಕೆ ಲ್ಯಾಟಿನ್ ನಾಮಕರಣ ಮಾಡಿದ. ೧೮೨೫ರಲ್ಲಿ ಬ್ಲೂಮ್ ಎಂಬ ವಿದ್ವಾಂಸ ಅದನ್ನು ತಿದ್ದಿ ರಿಂಕೋಸ್ಟೈಲಿಸ್ ರೆಟೂಸ ಎಂದು ಕರೆದ. ಮೊದಲ ಮಾತು ಗ್ರೀಕಿನದು: ಹೂವಿನ ನಡುವಣ ಕಂಬ ಹಕ್ಕಿಯ ಕೊಕ್ಕಿನಂತಿದೆಯೆಂದು ಅರ್ಥ. ಎರಡನೆಯದು ಲ್ಯಾಟಿನ್: ಎಲೆಯ ತುದಿ ಮೊಂಡಾಗಿ ಕಚ್ಚಿದೆಯೆಂದು ಅರ್ಥ. ನಮ್ಮ ಹೆಂಗಸರು ಹೂವನ್ನು ಕಂಡು ಹೆಸರಿಟ್ಟರು. ಪಂಡಿತರು ಎಲೆಯ ತುದಿಯವರೆಗೂ ನೋಡಿ ಹೆಸರಿಟ್ಟರು. ಎರಡೂ ಬೇಕಾದವೇ.

ಹೂವಿನ ಹೆಸರು ಹೀಗೆ ಪುಸ್ತಕ ಸೇರಿದ ಮೇಲೆ ಅದರ ಮನೆಯಾದ ಕಾನು ಸರಕಾರದ ಕಡತವನ್ನು ಸೇರಿತು. ಟಿಪ್ಪುಸುಲ್ತಾನನ ಪತನದ ತರುವಾಯ ೧೮೦೦ರಲ್ಲಿ ಹೊರಟು ಮೈಸೂರು, ಕನ್ನಡ ಜಿಲ್ಲೆ, ಮಲೆಯಾಳಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ೧೮೦೭ರಲ್ಲಿ ತನ್ನ ಪ್ರವಾಸ ಕಥನವನ್ನು ಪ್ರಕಟಿಸಿದ. ಕಾರವಾರದ ಕಡೆಯ ಕಾಡುಗಳು ಆಯಾ ಊರದೇವರ ಸೊತ್ತೆಂದೂ, ಪೂಜಾರಿಯೂ ಆದ ಗೌಡನ ಮೂಲಕ ದೇವರ ಅಪ್ಪಣೆ ಪಡೆಯದೆ ಮರ ಕಡಿದರೆ ಕೇಡಾಗುವುದೆಂದು ಜನ ನಂಬುವರೆಂದೂ ಅವನು ಬರೆದಿದ್ದಾನೆ. ಅಪ್ಪಣೆ ಕೊಡುವುದಕ್ಕೆ ದೇವರಿಗೆ ಕಾಣಿಕೆಯೇನೂ ಸಲ್ಲುವುದಿಲ್ಲವಾದ್ದರಿಂದ, ಇದೆಲ್ಲ ಸರಕಾರ ಕಾಡಿನ ಮೇಲೆ ಹಕ್ಕು ಹೂಡದಂತೆ ಮಾಡಿದ ಉಪಾಯವೆಂದೂ ಅವನಿಗೆ ತೋರಿತು. ಭಯವೋ ಭಕ್ತಿಯೋ ಉಪಾಯವೋ, ಮರವಂತೂ ಉಳಿದಿತ್ತು.

ಸೊರಬದ ಕಾನುಗಳನ್ನೇ ಕುರಿತ ಮುಖ್ಯ ದಾಖಲೆ ೧೮೬೮ರದು. ಆಗ ಇಡೀ ಹಿಂದೂಸ್ಥಾನದ ಅರಣ್ಯಗಳ ಮೇಲಧಿಕಾರಿಯಾಗಿದ್ದ ಜರ್ಮನಿಯ ಡೀಟ್ರಿಕ್ ಬ್ರಾಂಡಿಸ್, ಗ್ರಾಂಟ್ ಎಂಬವರೊಡನೆ ಸೇರಿ ಈ ತಾಲೂಕಿನ ಕಾನುಗಳ ಮೇಲೆ ಒಂದು ವರದಿಯನ್ನು ಕೊಟ್ಟ. ಅದರ ಪ್ರಕಾರ ಸೊರಬ ಒಂದರಲ್ಲೇ ೧೭೧ ಕಾನುಗಳಿದ್ದವು. ಒಟ್ಟು ವಿಸ್ತೀರ್ಣ ೩೨,೫೯೪ ಎಕರೆ. ಅನಂತರ ಮೈಸೂರು ಗೆಜೆಟಿಯರನ್ನು ಬರೆದ ಲೂಯಿ ರೈಸ್ ಅವರೂ ಸೊರಬದ ಕಾನುಗಳನ್ನೂ, ಅಲ್ಲಿನ ಮೆಣಸಿನ ಬಳ್ಳಿ, ಬೈನೆ ಮರಗಳನ್ನೂ ನೆನೆದಿದ್ದಾರೆ. ಇದೇ ರೈಸ್ ಅವರು ನಮ್ಮ ಎರಡು ತಾಲೂಕುಗಳ ಶಾಸನಗಳನ್ನು ೧೯೦೨ ಮತ್ತು ೧೯೦೪ರ ಸಂಪುಟಗಳಲ್ಲಿ ಅಚ್ಚು ಹಾಕಿಸಿದ ಮಹನೀಯರು. ನೆರೆಯ ಉತ್ತರ ಕನ್ನಡದ ಕಾನುಗಳ ಬಗ್ಗೆ ೧೮೮೮ರಲ್ಲಿ ವಿಂಗೇಟ್ ಎಂಬ ಅಧಿಕಾರಿ ಬರೆದುದೂ ನೆನಪಿಡತಕ್ಕದ್ದು. ಕಾನು ಇದ್ದಲ್ಲಿ ಒರತೆಯೂ ಬತ್ತದ ಹಳ್ಳವೂ ಇರುತ್ತವೆ, ಅದರ ನೆರಳು ತೇವಗಳನ್ನು ನೆಚ್ಚಿ ತೋಟಗಳು ಬದುಕುತ್ತವೆ ಎಂಬುದು ಅವನ ಮಾತಿನ ಸಾರಾಂಶ. ನಮ್ಮ ಅಡಕೆ ತೋಟದವರು ಇದನ್ನು ಪುಸ್ತಕ ಓದಿ ಕಲಿಯಬೇಕಾಗಿರಲಿಲ್ಲ.

ಆ ೧೭೧ ಕಾನುಗಳಲ್ಲಿ ಇಂದು ಹಿಂದಿನ ಮೈಕಟ್ಟಿನಿಂದ ಉಳಿದವು ಕಡಿಮೆ. ಕೆಲವು ಸಾಗುವಳಿಗೆ ಹೋದುವು. ಕೆಲವು ಸೊಪ್ಪಿಗೂ ಸೌದೆಗೂ ಸವರಿ ಸವರಿ ಬಡಕಲಾದುವು. ಕಳೆದ ಶತಮಾನದ ಉತ್ತರಾರ್ಧದಲ್ಲಿ ನೀಲಗಿರಿಯೂ ಆಮೇಲೆ ಅಕೇಶಿಯವೂ ಬಂದುವು. ದೂರದಿಂದ ನೋಡಿದರೆ ಇವೂ ಹಸುರೇ. ಆದರೆ ಸೀತಾಳೆಯ ಕಣ್ಣಿನಿಂದ ನೋಡಬೇಕು. ನೀಲಗಿರಿ ತನ್ನ ತೊಗಟೆಯನ್ನು ಸುಲಿದು ಸುಲಿದು ಉದುರಿಸುತ್ತದೆ. ಅಲ್ಲಿ ಬೀಜಕ್ಕೆ ಕಾಲೂರಲು ಎಡೆಯಿಲ್ಲ. ಅಕೇಶಿಯವನ್ನು ಬೆಳೆದ ಕೆಲವೇ ವರ್ಷಗಳಲ್ಲಿ ಕಡಿಯುತ್ತಾರೆ. ತೊಗಟೆ ಒರಟಾಗಿ ಪಾಚಿ ಕಟ್ಟುವಷ್ಟು ಕಾಲ ಅದು ನಿಲ್ಲುವುದಿಲ್ಲ. ಇದರ ಜೊತೆಗೆ ರಸ್ತೆ ಅಗಲವಾಗಬೇಕಾದಾಗ ಮೊದಲು ಉರುಳುವುದು ದಾರಿಬದಿಯ ಹಳೆಯ ಮಾವು ಹಲಸುಗಳು. ಮರ ಎಣಿಸುವವರು ಒಂದು ಮರವೆಂದು ಬರೆದುಕೊಳ್ಳುತ್ತಾರೆ. ಅದರ ಕೊಂಬೆಗಳ ಮೇಲೆ ಎಷ್ಟು ಸೀತಾಳೆಗಳಿದ್ದುವೆಂದು ಬರೆದುಕೊಳ್ಳುವ ಕಾಲಮೇ ಕಾಗದದಲ್ಲಿಲ್ಲ. ಬದಲಿಗೆ ಹತ್ತು ಸಸಿ ನೆಟ್ಟರೂ ಅವು ಸೀತಾಳೆಗೆ ಮನೆಯಾಗಲು ಒಂದು ತಲೆಮಾರು ಕಾಯಬೇಕು.

ಇಡೀ ದೇಶದ ಲೆಕ್ಕದಲ್ಲಿ ಈ ಗಿಡ ಅಳಿದುಹೋಗುವ ಸ್ಥಿತಿಯಲ್ಲಿಲ್ಲವೆಂಬುದನ್ನು ಹೇಳಿಬಿಡಬೇಕು. ಸಿಂಹಳದಿಂದ ಹಿಮಾಲಯದ ಬುಡದವರೆಗೆ, ಅಲ್ಲಿಂದ ಬರ್ಮಾ, ಜಾವಾ, ಫಿಲಿಪೀನ್ಸ್‌ವರೆಗೆ ಅದು ಹರಡಿಕೊಂಡಿದೆ. ಅಸ್ಸಾಮಿನಲ್ಲಿ ಅರಳಿದ ದಂಡೆ ಸೊರಬದ ಹುಡುಗಿಯ ಜಡೆಗೆ ಬಾರದು. ನಮ್ಮ ಊರಿನಿಂದ ಒಂದು ಹೂವು ಹೋಯಿತೆಂದರೆ ನಮ್ಮ ಮಟ್ಟಿಗೆ ಅದು ಹೋದಂತೆಯೇ.

ಇದರಲ್ಲಿ ನನ್ನದೂ ಒಂದು ತಪ್ಪಿದೆ. ಏಳನೆಯ ತರಗತಿಯಲ್ಲಿದ್ದಾಗ ನಮ್ಮೂರ ಕಾನಿನಂಚಿನ ಮಾವಿನ ಮರ ಹತ್ತಿ, ಹೂವಿನ ಆಸೆಗೆ ಒಂದು ಸೀತಾಳೆಯನ್ನು ಬೇರುಸಹಿತ ಕಿತ್ತು ತಂದೆ. ಎಳೆದ ರಭಸಕ್ಕೆ ಬೇರುಗಳೆಲ್ಲ ತೊಗಟೆಗೇ ಅಂಟಿ ಹರಿದುಹೋದುವು. ಅಂಗಳದ ಚಪ್ಪರದ ಕಂಬಕ್ಕೆ ಬಾಳೆಪಟ್ಟೆಯಿಂದ ಅದನ್ನು ಕಟ್ಟಿ ದಿನಕ್ಕೆರಡು ಸಲ ನೀರು ಸುರಿದೆ. ಅಜ್ಜಿ ನೋಡಿ, "ಹೂವು ಕುಯ್ಕೊಂಡು ಬಾ ಮಗಾ, ಬೇಡ ಅಂದೋರ್ಯಾರು? ಬುಡ ಯಾಕೆ ಕಿತ್ತೆ? ಅದು ಅದರ ಮರದ ಮೇಲೇ ಇರಬೇಕು" ಎಂದಳು. ನಾನು ಕೇಳಲಿಲ್ಲ. ದೀಪಾವಳಿಯ ಹೊತ್ತಿಗೆ ಎಲೆಗಳು ಕೊಳೆತು ಉದುರಿದುವು. ಮುಂದಿನ ವರ್ಷ ಆ ಮಾವಿನ ಕೊಂಬೆಯಲ್ಲಿ ದಂಡೆ ಇರಲಿಲ್ಲ. ನಮ್ಮಕ್ಕ ಹೂವಿಲ್ಲದೆ ಬರಿ ಜಡೆಯಲ್ಲಿ ನೆಂಟರ ಮದುವೆಗೆ ಹೋದಳು. ಬುತ್ತಿಯಿಲ್ಲದ ಬೀಜ, ಶಿಲೀಂಧ್ರ, ವಯಸ್ಸಾದ ತೊಗಟೆ ಇವನ್ನೆಲ್ಲ ಮೊನ್ನೆ ಮೊನ್ನೆ ಓದಿ ತಿಳಿದಾಗ ಅಜ್ಜಿಯ ಮಾತಿನ ಅರ್ಥ ನನಗೆ ಪೂರ್ತಿಯಾಗಿ ಹತ್ತಿತು.

ಪೇಟೆಯ ಮನೆಗಳಲ್ಲಿ ಈಗ ಇಂಥ ಗಿಡಗಳನ್ನು ಬೆಳೆಸುವ ಹವ್ಯಾಸ ಬಂದಿದೆ. ಅದು ಒಳ್ಳೆಯದೇ. ೧೯೨೨ರಲ್ಲಿ ಅಮೆರಿಕದ ನಡ್ಸನ್ ಎಂಬ ವಿಜ್ಞಾನಿ ಶಿಲೀಂಧ್ರದ ಹಂಗಿಲ್ಲದೆ ಸಕ್ಕರೆ ಬೆರೆತ ಪಾಕದಲ್ಲಿ ಈ ಕುಲದ ಬೀಜಗಳನ್ನು ಮೊಳೆಯಿಸಿ ತೋರಿಸಿದ. ಅಲ್ಲಿಂದೀಚೆಗೆ ಗಾಜಿನ ಸೀಸೆಯಲ್ಲಿ ಸಸಿ ಮಾಡುವುದು ಸಾಧ್ಯವಾಗಿದೆ. ಹಾಗೆ ಬೆಳೆಸಿದ ಸಸಿಗಳನ್ನು ನರ್ಸರಿಯವರಿಂದ ಕೊಳ್ಳಬಹುದು. ಗೋಣಿಚೀಲದಲ್ಲಿ ತುಂಬಿ ತಂದು ದಾರಿಬದಿಯಲ್ಲಿ ಮಾರುವ ಗಿಡವನ್ನು ಮಾತ್ರ ಕೊಳ್ಳಬಾರದು. ಅದು ಯಾವುದೋ ಕಾನಿನಿಂದ ಕಿತ್ತದ್ದು, ಬಹುಮಟ್ಟಿಗೆ ಬದುಕುವಂಥದೂ ಅಲ್ಲ. ಬಿರುಗಾಳಿಗೆ ಕೊಂಬೆ ಮುರಿದು ನೆಲಕ್ಕೆ ಬಿದ್ದ ಸೀತಾಳೆ ಸಿಕ್ಕಿದರೆ, ಆ ಕೊಂಬೆಯ ತುಂಡಿನೊಡನೆಯೇ ಅದನ್ನು ಹತ್ತಿರದ ಹಳೆಯ ಮರಕ್ಕೆ ಅರೆನೆರಳಿನಲ್ಲಿ ಕಟ್ಟಬಹುದು.

೨೦೦೨ರ ಜೀವವೈವಿಧ್ಯ ಕಾಯಿದೆಯ ಮೇರೆಗೆ ಪ್ರತಿಯೊಂದು ಪಂಚಾಯತಿಯೂ ತನ್ನ ಎಲ್ಲೆಯ ಗಿಡಮರ, ಪ್ರಾಣಿ, ಪಕ್ಷಿಗಳ ದಾಖಲೆಯನ್ನು ಜನರಿಂದಲೇ ಕೇಳಿ ಬರೆದಿಡಬೇಕು. ಹೋದ ಮುಂಗಾರಿನಲ್ಲಿ ನಮ್ಮ ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋಗಿ ಒಂದು ಕಾನಿನ ಸುತ್ತ ಸೀತಾಳೆಯಿರುವ ಮರಗಳನ್ನು ಎಣಿಸಿದೆವು. ನೋಟುಪುಸ್ತಕದಲ್ಲಿ ಮರದ ಹೆಸರು, ಸುತ್ತಳತೆ, ದಂಡೆಗಳ ಸಂಖ್ಯೆ ಇಷ್ಟನ್ನೇ ಬರೆದರು. ಒಟ್ಟು ಹನ್ನೊಂದು ಮರ ಸಿಕ್ಕಿದುವು. ಅವುಗಳಲ್ಲಿ ಒಂದಾದರೂ ಇಬ್ಬರು ಹುಡುಗರು ತಬ್ಬಿದರೆ ಕೈ ಕೂಡುವಷ್ಟು ಸಣ್ಣದಾಗಿರಲಿಲ್ಲ. ದಾರಿಯಲ್ಲಿ ಎದುರಾದ ಒಬ್ಬ ಮುದುಕಿ, "ಏನು ಮೇಷ್ಟ್ರೇ, ಹೂವಿಗೆ ಬಂದ್ರಾ?" ಎಂದು ಕೇಳಿದಳು. ಎಣಿಸುವುದಕ್ಕೆ ಬಂದೆವು ಅಮ್ಮಾ ಎಂದೆ. ಅವಳು ನಕ್ಕು, ಗುಡಿಯ ಹಿಂದೆ ನಾವು ನೋಡದೆ ಬಿಟ್ಟಿದ್ದ ಹನ್ನೆರಡನೆಯ ಮರವನ್ನು ತೋರಿಸಿಕೊಟ್ಟಳು.